ಎಂಟನೇ ಪುಟದಿಂದ ಶುರು: ಅಮೆರಿಕದ ಮೊದಲ ಕೃಷಿ ಪತ್ರಿಕೆಗಳ ಊರುಗಳಲ್ಲಿ ಎಂಟು ದಿನ

ಈ ದಾರಿ ವಾಷಿಂಗ್ಟನ್ನಿನಲ್ಲಿ ಶುರುವಾಗಿ, ಒಮ್ಮೆ ವರ್ಜೀನಿಯಾಕ್ಕೆ ಇಳಿದು, ಬಾಸ್ಟನ್ ಸುತ್ತಿ ರೋಚೆಸ್ಟರಿನಲ್ಲಿ ಮುಗಿಯುತ್ತದೆ. 1810ರಿಂದ 1850ರ ತನಕ ಅಮೆರಿಕದ ಕೃಷಿ ಪತ್ರಿಕೆಗಳು ಹುಟ್ಟಿ, ಬೆಳೆದು, ಒಂದನ್ನೊಂದು ನುಂಗಿದ ಊರುಗಳು ಬಹುಪಾಲು ಇದೇ ಪಟ್ಟಿಯಲ್ಲಿವೆ. ಮೇ ಕೊನೆಯಿಂದ ಅಕ್ಟೋಬರ್ ಮಧ್ಯದ ತನಕ ಹೋಗುವುದು ಒಳ್ಳೆಯದು. ಬಯಲು ಮ್ಯೂಸಿಯಂಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ, ಇಲ್ಲವೇ ಅರ್ಧಂಬರ್ಧ ತೆರೆದಿರುತ್ತವೆ. ಗ್ರಂಥಾಲಯದ ಕೆಲಸವನ್ನು ವಾರದ ದಿನಗಳಿಗೇ ಇಟ್ಟುಕೊಳ್ಳಿ.

ಎಲ್ಲವೂ ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಸಿಗುವಾಗ ಅಲ್ಲಿಗೇ ಏಕೆ ಹೋಗಬೇಕು ಎಂದರೆ, ಸ್ಕ್ಯಾನ್ ಆಗಿರುವುದು ಬಹುಪಾಲು ಬೈಂಡ್ ಮಾಡಿದ ಸಂಪುಟಗಳು. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿಯುವಾಗ ಬೈಂಡರ್ ಹೊರಗಿನ ಕಾಗದದ ಹೊದಿಕೆಯನ್ನು ಕಿತ್ತೆಸೆಯುತ್ತಿದ್ದ. ಜಾಹೀರಾತು, ಚಂದಾ ದರ, ಅಂಚೆ ದರ, ಏಜೆಂಟರ ಪಟ್ಟಿ ಎಷ್ಟೋ ಸಲ ಇದ್ದದ್ದು ಆ ಹೊದಿಕೆಯ ಮೇಲೆಯೇ. ಮೊದಲ ಪುಟದಲ್ಲಿ ಸಂಪಾದಕ ತನ್ನ ಆದರ್ಶ ಬರೆಯುತ್ತಾನೆ, ಕೊನೆಯ ಪುಟದಲ್ಲಿ ತನ್ನ ಬದುಕು. ಹಿಂದಿನಿಂದ ಓದಿದರೆ ಈ ಪತ್ರಿಕೆಗಳು ಏಕೆ ಬದುಕಿದವು, ಏಕೆ ಸತ್ತವು ಎಂಬುದು ಬೇಗ ಗೊತ್ತಾಗುತ್ತದೆ.

ದಿನ 1: ವಾಷಿಂಗ್ಟನ್, ಜಾರ್ಜ್‌ಟೌನ್

ಬೆಳಿಗ್ಗೆ ಮೊದಲ ಕೆಲಸ ಲೈಬ್ರರಿ ಆಫ್ ಕಾಂಗ್ರೆಸ್‌ನ ಓದುಗರ ಕಾರ್ಡು. ಪಾಸ್‌ಪೋರ್ಟ್ ತೋರಿಸಿದರೆ ಮ್ಯಾಡಿಸನ್ ಕಟ್ಟಡದಲ್ಲಿ ಉಚಿತವಾಗಿ ಮಾಡಿಕೊಡುತ್ತಾರೆ. ಹಳೇ ಸಂಪುಟಗಳು ಬೇರೆಡೆಯ ಗೋದಾಮಿನಲ್ಲಿರಬಹುದು, ಹಾಗಾಗಿ ಮುಂಚೆಯೇ ವಿಚಾರಿಸಿಕೊಳ್ಳಿ.

ಮಧ್ಯಾಹ್ನ ಜಾರ್ಜ್‌ಟೌನ್. ಅಲ್ಲಿ ಮೆಟ್ರೊ ನಿಲ್ದಾಣವಿಲ್ಲ, ಫಾಗಿ ಬಾಟಮ್‌ನಲ್ಲಿ ಇಳಿದು ನಡೆಯಬೇಕು. ಅಮೆರಿಕದ ಮೊದಲ ಕೃಷಿ ಪತ್ರಿಕೆ ಎಂದು ಸಾಮಾನ್ಯವಾಗಿ ಎಣಿಸುವ 'ಅಗ್ರಿಕಲ್ಚರಲ್ ಮ್ಯೂಸಿಯಂ' ಹೊರಟದ್ದು ಈ ಊರಿನಿಂದ, 1810ರ ಜುಲೈಯಲ್ಲಿ. ಸಂಪಾದಕ ಡೇವಿಡ್ ವೈಲಿ ಪ್ರೆಸ್ಬಿಟೇರಿಯನ್ ಪಾದ್ರಿ, ಶಾಲೆಯ ಮುಖ್ಯಸ್ಥ, 1809ರಲ್ಲಿ ಕಟ್ಟಿದ ಕೊಲಂಬಿಯನ್ ಕೃಷಿ ಸಂಘದ ಕಾರ್ಯದರ್ಶಿಯೂ ಹೌದು. ಆಗ ಎಲ್ಲರ ಬಾಯಲ್ಲೂ ಮೆರಿನೊ ಕುರಿ. ಸಂಘದ ಬಹುಮಾನಗಳೂ ಪತ್ರಿಕೆಯ ಪುಟಗಳೂ ಉಣ್ಣೆಯ ಸುತ್ತಲೇ ತಿರುಗುತ್ತಿದ್ದವು. ಪತ್ರಿಕೆ 1812ರಲ್ಲಿ ನಿಂತಿತು.

ಜಾರ್ಜ್‌ಟೌನಿನಲ್ಲಿ ಅದರ ಗುರುತಾಗಿ ನೋಡಲು ಏನೂ ಇಲ್ಲ, ಕಾಲುವೆ ದಂಡೆಯಲ್ಲಿ ಅಡ್ಡಾಡಿ ಬರಬಹುದು ಅಷ್ಟೇ. ಗಮನಿಸಬೇಕಾದದ್ದು ಪತ್ರಿಕೆಯ ಆಕಾರ. ವೈಲಿಯದು ಕೈಹೊತ್ತಿಗೆಯಂಥ ಚಿಕ್ಕ ಪತ್ರಿಕೆ. ಅಂಚೆ ಕಾಯ್ದೆಯ ಕಣ್ಣಿಗೆ ಅದು ಮ್ಯಾಗಜೀನು. ವಾರ್ತಾಪತ್ರಿಕೆಯಾದರೆ ಪ್ರತಿಯೊಂದಕ್ಕೆ 100 ಮೈಲಿಯೊಳಗೆ 1 ಸೆಂಟು, ಅದರಾಚೆ ಒಂದೂವರೆ. ಮ್ಯಾಗಜೀನಿಗೆ ದರ ಹಾಳೆಯ ಲೆಕ್ಕದಲ್ಲಿ, 100 ಮೈಲಿ ದಾಟಿದರೆ ಹಾಳೆಗೆ 2 ಸೆಂಟು. ಅದೂ ಅಂಚೆ ಚೀಲದಲ್ಲಿ ಜಾಗವಿದ್ದರೆ ಮಾತ್ರ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕುದುರೆಯ ಬೆನ್ನಿನ ಮೇಲೆ ಹೋಗುವ ಟಪಾಲಿನಿಂದ ಮೊದಲು ಹೊರಬೀಳುತ್ತಿದ್ದದ್ದು ಇಂಥ ಕಟ್ಟುಗಳೇ. ಮುಂದೆ ಬಂದವರು ಈ ಪಾಠ ಮರೆಯಲಿಲ್ಲ.

ದಿನ 2: ವರ್ಜೀನಿಯಾ, ಜೇಮ್ಸ್ ನದಿಯ ದಂಡೆ

ರಿಚ್ಮಂಡಿನ ತನಕ ರೈಲು, ಅಲ್ಲಿಂದ ಬಾಡಿಗೆ ಕಾರು. ಕಾರಿಲ್ಲದೆ ಈ ದಿನ ಆಗುವುದಿಲ್ಲ.

ಎಡ್ಮಂಡ್ ರಫಿನ್ 1833ರಲ್ಲಿ 'ಫಾರ್ಮರ್ಸ್ ರಿಜಿಸ್ಟರ್' ಶುರು ಮಾಡಿದ. ತಿಂಗಳ ಪತ್ರಿಕೆ, ವರ್ಷಕ್ಕೆ 5 ಡಾಲರ್, ಅಂದರೆ ದೊಡ್ಡ ಜಮೀನ್ದಾರರಿಗೆ ಮಾತ್ರ ಎಟುಕುವ ದರ. ತನ್ನ ಶೆಲ್‌ಬ್ಯಾಂಕ್ಸ್ ತೋಟದಲ್ಲಿಯೇ ಪ್ರೆಸ್ ಹಾಕಿಸಿದ, ಆಮೇಲೆ ಹತ್ತಿರದ ಪೀಟರ್ಸ್‌ಬರ್ಗಿಗೆ ಸಾಗಿಸಿದ. ಪತ್ರಿಕೆಯ ಜೀವಾಳ ಒಂದೇ ವಿಷಯ: ಮಾರ್ಲ್, ಅಂದರೆ ಸಮುದ್ರದ ಚಿಪ್ಪು ಕರಗಿ ಬೆರೆತ ಸುಣ್ಣದ ಮಣ್ಣು.

ಅದನ್ನು ಕಣ್ಣಾರೆ ನೋಡಲು ಸರ್ರಿ ಕೌಂಟಿಯ ಚಿಪೋಕ್ಸ್ ಸ್ಟೇಟ್ ಪಾರ್ಕಿಗೆ ಹೋಗಿ. ರಫಿನ್‌ನ ಹೊಲ ಇದ್ದದ್ದು ಇದೇ ಜೇಮ್ಸ್ ನದಿಯ ದಡದಲ್ಲಿ, ಇನ್ನೂ ಮೇಲಕ್ಕೆ. ಪಾರ್ಕಿನ ನದಿ ದಂಡೆ ಕುಸಿದ ಕಡೆ ಅಂಗೈಯಗಲದ ಚಿಪ್ಪುಗಳು ಪದರಪದರವಾಗಿ ಕಾಣುತ್ತವೆ. ವರ್ಜೀನಿಯಾದ ರಾಜ್ಯ ಪಳೆಯುಳಿಕೆಯಾದ ಚೆಸಪೆಕ್ಟೆನ್ ಜೆಫರ್ಸೋನಿಯಸ್ ಈ ಸೀಮೆಯದೇ. ಪಾರ್ಕಿನೊಳಗೆ ಹಳೇ ಬೇಸಾಯದ ಸಲಕರಣೆಗಳ ಮ್ಯೂಸಿಯಂ ಇದೆ. ನದಿ ದಾಟಲು ಜೇಮ್ಸ್‌ಟೌನ್ ದೋಣಿಗೆ ದುಡ್ಡಿಲ್ಲ.

ತಂಬಾಕು, ಮುಸುಕಿನ ಜೋಳ ಬೆಳೆದು ಬೆಳೆದು ಸವೆದ ಹೊಲಗಳಿಗೆ ಗೊಬ್ಬರ ಹಾಕಿದರೂ ಉಪಯೋಗವಾಗುತ್ತಿರಲಿಲ್ಲ. ಅಲ್ಲಿ ಪೈನ್ ಮರವೂ ಹುಳಿ ಸೊಪ್ಪಿನ ಕಳೆಯೂ ಸೊಂಪಾಗಿ ಬರುತ್ತಿದ್ದವು, ಮೇವಿನ ಸೊಪ್ಪಾದ ಕ್ಲೋವರ್ ಮಾತ್ರ ಏಳುತ್ತಿರಲಿಲ್ಲ. ಮಣ್ಣಿನಲ್ಲಿ ಹುಳಿ ಸೇರಿದೆ, ಸುಣ್ಣ ಹಾಕಿ ಅದನ್ನು ಮುರಿಯದೆ ಗೊಬ್ಬರ ನಿಲ್ಲುವುದಿಲ್ಲ ಎಂದು ರಫಿನ್ ವಾದಿಸಿದ. 1818ರಲ್ಲಿ ಮೊದಲ ಪ್ರಯೋಗ. ಮಾರ್ಲ್ ಬಿದ್ದ ತುಂಡಿನಲ್ಲಿ ಮುಸುಕಿನ ಜೋಳ ಸುಮಾರು ಶೇ 40ರಷ್ಟು ಹೆಚ್ಚು ಬಂತು. ಸುಣ್ಣದಂಶದ ಗೊಬ್ಬರಗಳ ಮೇಲೆ ಅವನು ಬರೆದ ಪುಸ್ತಕ ಹೊರಬಂದದ್ದು 1832ರಲ್ಲಿ.

ಮಾರ್ಲ್ ಒಳ್ಳೆಯದೋ ಅಲ್ಲವೋ ಎಂದು ನೋಡುವ ಕ್ರಮ ಇಂದಿಗೂ ಅದೇ. ಚಿಟಿಕೆ ಮಣ್ಣಿಗೆ ಆ್ಯಸಿಡ್ ಬಿಟ್ಟರೆ ಬುರುಬುರು ನೊರೆ ಬರಬೇಕು. ಚಿಪ್ಪು ಕಂಡ ಮಾತ್ರಕ್ಕೆ ಸುಣ್ಣ ಹೇರಳವಾಗಿದೆ ಎಂದಲ್ಲ, ಮರಳೇ ಹೆಚ್ಚಿರಬಹುದು. ಅದಕ್ಕೇ ರಫಿನ್ ಆ್ಯಸಿಡ್ಡಿನಿಂದ ಹೊರಟ ಗಾಳಿಯನ್ನು ಅಳೆದು ಸುಣ್ಣದ ಪ್ರಮಾಣ ಲೆಕ್ಕ ಹಾಕುತ್ತಿದ್ದ. ಎಕರೆಗೆ ಇನ್ನೂರು, ಮುನ್ನೂರು ಬುಷೆಲ್ ಹಾಕುತ್ತಿದ್ದರು. ಬುಷೆಲ್ ಎಂದರೆ 35 ಲೀಟರು, ಒದ್ದೆ ಮಾರ್ಲ್ ತುಂಬಿದರೆ 45 ಕಿಲೋಗೆ ಕಡಿಮೆಯಾಗದು. ಇನ್ನೂರು ಬುಷೆಲ್ ಎಂದರೆ ಎಕರೆಗೆ 9 ಟನ್. ಹೆಚ್ಚು ಸುರಿದರೆ ಬೆಳೆ ಬಿಳಿಚಿ ಸೊರಗುತ್ತದೆ ಎಂಬ ಎಚ್ಚರಿಕೆಯನ್ನೂ ರಫಿನ್ ಮತ್ತೆ ಮತ್ತೆ ಬರೆದ.

ಎಕರೆಗೆ 9 ಟನ್ನನ್ನು ಗುದ್ದಲಿಯಿಂದ ಅಗೆದು, ಗಾಡಿಗೆ ತುಂಬಿ, ಹರಡಿದವರು ಅವನ ಗುಲಾಮರು. ಪತ್ರಿಕೆಯಲ್ಲಿ ಕೆಲಸದ ಲೆಕ್ಕ 'ಇಷ್ಟು ಆಳು, ಇಷ್ಟು ಗಾಡಿ, ಇಷ್ಟು ದಿನ' ಎಂದೇ ಬರುತ್ತದೆ. ಪತ್ರ ಬರೆದವನ ಹೆಸರು ಕೆಳಗಿರುತ್ತದೆ, ಅಗೆದವರ ಹೆಸರು ಎಲ್ಲಿಯೂ ಇರುವುದಿಲ್ಲ. ದಕ್ಷಿಣದ ಯಾವ ಕೃಷಿ ಪತ್ರಿಕೆ ಓದಿದರೂ ಈ ಖಾಲಿ ಜಾಗ ಕಣ್ಣಿಗೆ ಹೊಡೆಯಬೇಕು.

ಪತ್ರಿಕೆ ಸತ್ತದ್ದು ಬೇಸಾಯದ ವಿಷಯಕ್ಕಲ್ಲ. ರಫಿನ್ ಬ್ಯಾಂಕುಗಳ ಮೇಲೆ, ಅವು ಹೊರಡಿಸುತ್ತಿದ್ದ ನೋಟುಗಳ ಮೇಲೆ ಯುದ್ಧ ಸಾರಿದ. ಚಂದಾದಾರರು ಸುಣ್ಣ ಕೇಳಿದರೆ ಅವನು ಬ್ಯಾಂಕು ಬಡಿಸಿದ. 1842ಕ್ಕೆ ಬಾಗಿಲು ಮುಚ್ಚಿತು.

ದಕ್ಷಿಣದ ಮಾತು ಬಂದ ಮೇಲೆ ಹತ್ತಿಯ ಬಗ್ಗೆ ನಮ್ಮ ಕಡೆಯ ಒಂದು ಮಾತು. ಇದೇ ಕಾಲಕ್ಕೆ, 1840ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಬೇರೆ ಕಡೆ ಹೆಚ್ಚೇನೂ ಸಾಗಲಿಲ್ಲ, ಆದರೆ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಸುತ್ತ ನೆಲೆಯೂರಿ 'ಧಾರವಾಡ-ಅಮೆರಿಕನ್' ಎಂಬ ಹೆಸರನ್ನೇ ಪಡೆಯಿತು. ಈ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದಕ್ಕೇ ಬೀಜದ ಜೊತೆಗೆ ಎಳೆ ಬಿಡಿಸುವ ಗರಗಸದ ಹಲ್ಲಿನ ಜಿನ್ ಯಂತ್ರವೂ ಧಾರವಾಡಕ್ಕೆ ಬರಬೇಕಾಯಿತು.

ದಿನ 3: ಬಾಲ್ಟಿಮೋರ್

ವಾಷಿಂಗ್ಟನ್ ಯೂನಿಯನ್ ಸ್ಟೇಷನ್ನಿನಿಂದ ಮಾರ್ಕ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಪೆನ್ ಲೈನಿನಲ್ಲಿ ಹೋಗಿ. ಕ್ಯಾಮ್ಡೆನ್ ಲೈನಿನ ರೈಲು ಶನಿವಾರ, ಭಾನುವಾರ ಓಡುವುದಿಲ್ಲ.

1819ರ ಏಪ್ರಿಲ್ 2ರಂದು 'ಅಮೆರಿಕನ್ ಫಾರ್ಮರ್' ಇಲ್ಲಿ ಶುರುವಾಯಿತು. ದೀರ್ಘಕಾಲ ನಿಂತ ಮೊದಲ ಕೃಷಿ ಪತ್ರಿಕೆ ಇದೇ. ಪ್ರಕಾಶಕ ಜಾನ್ ಸ್ಟುವರ್ಟ್ ಸ್ಕಿನ್ನರ್. 1814ರಲ್ಲಿ ಇಲ್ಲಿನ ಫೋರ್ಟ್ ಮ್ಯಾಕ್‌ಹೆನ್ರಿ ಕೋಟೆಯ ಮೇಲೆ ಬ್ರಿಟಿಷರ ಗುಂಡಿನ ಮಳೆ ಸುರಿದ ರಾತ್ರಿ ಅಮೆರಿಕದ ರಾಷ್ಟ್ರಗೀತೆ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಜೊತೆ ಹಡಗಿನಲ್ಲಿದ್ದ ಕೈದಿ ವಿನಿಮಯದ ಅಧಿಕಾರಿ ಇವನೇ. ಕೋಟೆಯಲ್ಲಿ ಕೀ ಹೆಸರೇ ಎಲ್ಲರಿಗೂ ಗೊತ್ತು, ಸ್ಕಿನ್ನರನನ್ನು ಕೇಳುವವರಿಲ್ಲ. ಆದರೆ ನಮಗೆ ಮುಖ್ಯವಾದದ್ದು ಅವನ ಇನ್ನೊಂದು ಹುದ್ದೆ: 1816ರಿಂದ ಅವನು ಬಾಲ್ಟಿಮೋರಿನ ಪೋಸ್ಟ್‌ಮಾಸ್ಟರ್.

ಪೋಸ್ಟ್‌ಮಾಸ್ಟರನ ಪತ್ರಕ್ಕೆ ಅಂಚೆ ದರವಿಲ್ಲ. ಹೋಗುವುದಕ್ಕೂ ಇಲ್ಲ, ಬರುವುದಕ್ಕೂ ಇಲ್ಲ. ಸಾಮಾನ್ಯನೊಬ್ಬ 400 ಮೈಲಿಯಾಚೆಗೆ ಒಂದು ಹಾಳೆಯ ಕಾಗದ ಬರೆದರೆ 25 ಸೆಂಟು ಬೀಳುತ್ತಿದ್ದ ಕಾಲ ಅದು. ಸ್ಕಿನ್ನರ್ ಊರೂರಿನ ಜಮೀನ್ದಾರರಿಗೆ ಪ್ರಶ್ನೆ ಕಳಿಸಿ ಉತ್ತರ ತರಿಸಿ ಅದನ್ನೇ ಲೇಖನ ಮಾಡಿದ. ಇನ್ನುಳಿದ ಪುಟಗಳಿಗೆ 1792ರ ಅಂಚೆ ಕಾಯ್ದೆಯ ಇನ್ನೊಂದು ಸವಲತ್ತು ಇತ್ತು. ಪತ್ರಿಕೆ ಮುದ್ರಿಸುವವನು ಬೇರೆ ಮುದ್ರಕರಿಗೆ ಒಂದೊಂದು ಪ್ರತಿಯನ್ನು ಪುಕ್ಕಟೆ ಕಳಿಸಬಹುದು. ಕತ್ತರಿ ಹಿಡಿದು ಕೂತರೆ ವಾರಕ್ಕೆ ಸಾಕಾಗುವಷ್ಟು ಸರಕು. ಹೀಗಾಗಿ ಒಂದೇ ಲೇಖನ ನಾಲ್ಕು ಊರಿನ ಪತ್ರಿಕೆಗಳಲ್ಲಿ ಕಂಡರೆ ದಿನಾಂಕ ನೋಡಿ ಮೂಲ ಹುಡುಕಿ. ಕೆಳಗೆ ಹಾಕಿದ ಹೆಸರು ಮೂಲದ್ದೇ ಎಂಬ ಭರವಸೆಯಿಲ್ಲ.

ಆಕಾರದ ವಿಷಯದಲ್ಲೂ ಸ್ಕಿನ್ನರ್ ಜಾಣ. ವಾರಕ್ಕೊಂದು ಹಾಳೆ, ಎರಡು ಸಲ ಮಡಿಸಿದರೆ ಎಂಟು ಪುಟ. ಅಂಚೆಯವರಿಗೆ ಅದು ವಾರ್ತಾಪತ್ರಿಕೆ, ಮನೆಯಲ್ಲಿ ಬೈಂಡ್ ಮಾಡಿದರೆ ಪುಸ್ತಕ. ಒಂದು ಕಾಗದ ತೆಗೆದುಕೊಂಡು ಎರಡು ಸಲ ಮಡಿಸಿ, ಪುಟಸಂಖ್ಯೆ ಬರೆದು ಬಿಡಿಸಿ ನೋಡಿ. ಒಂದು ಮೈಯಲ್ಲಿ 1, 4, 5, 8 ಬರುತ್ತವೆ, ಇನ್ನೊಂದರಲ್ಲಿ 2, 3, 6, 7. ಅರ್ಧದಷ್ಟು ಪುಟಗಳು ತಲೆಕೆಳಗು. ಪೇಟೆಯ ಧಾರಣೆ ಎಂಟನೇ ಪುಟಕ್ಕೆ ಬರಬೇಕಿದ್ದರೆ ಆ ಧಾರಣೆ ಸಿಗುವ ತನಕ ಮೊದಲನೇ ಪುಟವನ್ನೂ ಅಚ್ಚಿಗೆ ಹಾಕುವಂತಿಲ್ಲ, ಎರಡೂ ಒಂದೇ ಮೈಯಲ್ಲಿವೆ. ಒಳಮೈ ಮೊದಲು ಮುಗಿಸಿಟ್ಟು ಹೊರಮೈಗೆ ಕಾಯಬೇಕು.

ಧಾರಣೆ ಪಟ್ಟಿಯಲ್ಲಿ 'ಹೋವರ್ಡ್ ಸ್ಟ್ರೀಟ್ ಹಿಟ್ಟು' ಎಂದು ಬರುತ್ತದೆ. ಪಶ್ಚಿಮದ ಗಿರಣಿಗಳಿಂದ ಗಾಡಿಗಳಲ್ಲಿ ಬಂದು ಆ ಬೀದಿಯಲ್ಲಿ ಮಾರಾಟವಾಗುತ್ತಿದ್ದ ಗೋಧಿ ಹಿಟ್ಟು. ದರ ಬ್ಯಾರೆಲಿಗೆ, ಹಿಟ್ಟಿನ ಬ್ಯಾರೆಲ್ ಎಂದರೆ 196 ಪೌಂಡು, ಸುಮಾರು 89 ಕಿಲೋ. ಗೋಧಿಯ ದರವಾದರೆ ಬುಷೆಲಿಗೆ, ಅಂದರೆ 60 ಪೌಂಡಿಗೆ. ಇವೆರಡನ್ನು ಕಲಸಿಕೊಂಡರೆ ಲೆಕ್ಕವೆಲ್ಲ ಎಡವಟ್ಟು. ಹೋವರ್ಡ್ ಬೀದಿಯಲ್ಲಿ ಈಗ ಲೈಟ್ ರೈಲ್ ಓಡುತ್ತದೆ, ಅದರಲ್ಲೇ ಕೂತು ಬೀದಿ ನೋಡಿಕೊಂಡು ಬರಬಹುದು.

ಪತ್ರಿಕೆಯ ತಲೆಬರಹದ ಕೆಳಗೆ ರೋಮನ್ ಕವಿ ವರ್ಜಿಲ್‌ನ ಲ್ಯಾಟಿನ್ ಸಾಲು. ರೈತನ ಭಾಗ್ಯ ಹೊಗಳುವ ಸಾಲನ್ನು ರೈತನಿಗೆ ತಿಳಿಯದ ಭಾಷೆಯಲ್ಲಿ ಹಾಕಿದ ಮೇಲೆ ಓದುಗರು ಯಾರೆಂದು ಬೇರೆ ಹೇಳಬೇಕಿಲ್ಲ. 1830ರಲ್ಲಿ ಸ್ಕಿನ್ನರ್ ಪತ್ರಿಕೆಯನ್ನು 20,000 ಡಾಲರಿಗೆ ಮಾರಿದ. 1851ರಲ್ಲಿ ಬಾಲ್ಟಿಮೋರಿನ ಅಂಚೆ ಕಚೇರಿಗೇ ಹೋದಾಗ ತೆರೆದಿದ್ದ ಬಾಗಿಲೊಂದರಿಂದ ನೆಲಮಾಳಿಗೆಗೆ ಬಿದ್ದು ಸತ್ತ.

ಸಂಜೆ ಬಾಸ್ಟನ್ ರೈಲು. ನಡುವಿನ ಫಿಲಡೆಲ್ಫಿಯಾದಲ್ಲೂ 1836ರಿಂದ 'ಫಾರ್ಮರ್ಸ್ ಕ್ಯಾಬಿನೆಟ್' ಬರುತ್ತಿತ್ತು. ಅದಕ್ಕಾಗಿ ಇಳಿಯುವ ಅಗತ್ಯವಿಲ್ಲ.

ದಿನ 4: ಬಾಸ್ಟನ್

ಫ್ಯಾನ್ಯೂಲ್ ಹಾಲಿನ ಹಿಂದೆ ಕ್ವಿನ್ಸಿ ಮಾರುಕಟ್ಟೆ, ಅದರ ಪಕ್ಕದಲ್ಲೇ ನಾರ್ತ್ ಮಾರ್ಕೆಟ್ ಸಾಲು. 'ನ್ಯೂ ಇಂಗ್ಲೆಂಡ್ ಫಾರ್ಮರ್' ಕಚೇರಿಯೂ ಅದರ ಬೀಜದ ಅಂಗಡಿಯೂ ಈ ಸಾಲಿನಲ್ಲಿದ್ದವು. ಈಗ ತಿಂಡಿ ಅಂಗಡಿಗಳ ಗದ್ದಲ.

ಪತ್ರಿಕೆ ಶುರುವಾದದ್ದು 1822ರ ಆಗಸ್ಟಿನಲ್ಲಿ. ಸಂಪಾದಕ ಥಾಮಸ್ ಗ್ರೀನ್ ಫೆಸೆಂಡನ್ ಮೂಲತಃ ವಕೀಲ, ವಿಡಂಬನೆ ಕವಿತೆ ಬರೆದು ಹೆಸರಾದವನು, ಬಿಸಿನೀರಿನ ಒಲೆಗೆ ಪೇಟೆಂಟ್ ಪಡೆದವನು. ಸಾಯುವ ತನಕ, ಅಂದರೆ 1837ರ ತನಕ, ಪತ್ರಿಕೆ ನಡೆಸಿದ. ಪುಸ್ತಕ ಓದಿ ಬೇಸಾಯ ಕಲಿಯುವುದನ್ನು ಕಂಡು ಅಲ್ಲಿನ ರೈತರು ನಗುತ್ತಿದ್ದರು. ಮೇಟಿ ವಿದ್ಯೆಯ ಮುಂದೆ ಕೋಟಿ ವಿದ್ಯೆ ಸಮವಲ್ಲ ಎನ್ನುವ ನಾಡಿನವರಿಗೆ ಆ ನಗು ಚೆನ್ನಾಗಿಯೇ ಅರ್ಥವಾಗುತ್ತದೆ. ಆ ಮನೋಭಾವಕ್ಕೆ ಬಾಸ್ಟನ್ ಕಂಡುಕೊಂಡ ದಾರಿ ಬೀಜ. ಪ್ರಕಾಶಕ ಜಾನ್ ಬಿ. ರಸೆಲ್ ಪತ್ರಿಕೆಯ ಜೊತೆ ಬೀಜದಂಗಡಿ ಇಟ್ಟ. ಲೇಖನದಲ್ಲಿ ಹೊಗಳಿದ ಗಜ್ಜರಿಯ ಬೀಜ ಅದೇ ಕಟ್ಟಡದಲ್ಲಿ ಸಿಗುತ್ತಿತ್ತು. ಮುಂದೆ ಜೋಸೆಫ್ ಬ್ರೆಕ್ ಅದನ್ನು ಬೆಳೆಸಿದ. ಚಂದಾ ಬಾಕಿಯಿಂದ ಪತ್ರಿಕೆ ಸೊರಗಿದರೂ ಬೀಜದ ಹಣ ಕೈ ಹಿಡಿಯುತ್ತಿತ್ತು. ಹೊಗಳಿಕೆಯಲ್ಲಿ ಎಷ್ಟು ಸತ್ಯ, ಎಷ್ಟು ವ್ಯಾಪಾರ ಎಂಬ ಅನುಮಾನವೂ ಅಲ್ಲಿಂದಲೇ ಶುರು.

ಆ ಅನುಮಾನ ನಿಜವಾದದ್ದು ಹಿಪ್ಪುನೇರಳೆಯಲ್ಲಿ. ರಾಮನಗರ, ಶಿಡ್ಲಘಟ್ಟದ ಕಡೆಯವರು ಈ ಕಥೆಯನ್ನು ಗಮನವಿಟ್ಟು ಕೇಳಬೇಕು. 1830ರ ದಶಕದಲ್ಲಿ 'ಮೋರಸ್ ಮಲ್ಟಿಕಾಲಿಸ್' ಎಂಬ ದೊಡ್ಡೆಲೆಯ ತಳಿಗಾಗಿ ಅಮೆರಿಕ ಹುಚ್ಚೆದ್ದಿತು. ಕೃಷಿ ಪತ್ರಿಕೆಗಳೆಲ್ಲ ರೇಷ್ಮೆ ರೇಷ್ಮೆ ಎಂದವು, ಫೆಸೆಂಡನ್ ರೇಷ್ಮೆಯ ಕೈಪಿಡಿಯನ್ನೇ ಹೊರತಂದ. ಈ ಗಿಡ ಕಡ್ಡಿಯಿಂದ ಬರುತ್ತದೆ, ಒಂದು ಕಣ್ಣಿದ್ದರೆ ಒಂದು ಸಸಿ. ಹಾಗಾಗಿ ಎಲೆಗಾಗಿ ಕೊಳ್ಳುವವರಿಗಿಂತ ಕಡ್ಡಿ ಮಾಡಿ ಮಾರಲು ಕೊಳ್ಳುವವರೇ ಹೆಚ್ಚಾದರು. ಒಂದೇ ಹಂಗಾಮಿನಲ್ಲಿ ಒಂದು ಗಿಡ ಹತ್ತಾರಾಗುವಾಗ ಬೆಲೆ ಎಷ್ಟು ದಿನ ನಿಲ್ಲುತ್ತದೆ? 1839ರಲ್ಲಿ ಕುಸಿಯಿತು. ಉಳಿದ ಗಿಡಗಳನ್ನು ಉತ್ತರದ ಚಳಿ ಕೊಂದಿತು. ಇಷ್ಟೆಲ್ಲ ಆಗುವಾಗ ಹುಳ ಸಾಕಿದವರು ಕಡಿಮೆ, ಗೂಡಿನಿಂದ ನೂಲು ಬಿಚ್ಚಲು ಬಲ್ಲ ಕೈಗಳು ಇನ್ನೂ ಕಡಿಮೆ. ಆ ಕೈಗಳಿಗೆ ಕೊಡಬೇಕಾದ ಕೂಲಿಯೂ ಅಲ್ಲಿ ದುಬಾರಿ. ಆ ವರ್ಷಗಳ ಸಂಪುಟಗಳಲ್ಲಿ ಲೇಖನ ಬಿಟ್ಟು ಸಸಿ ಮಾರಾಟದ ಜಾಹೀರಾತುಗಳನ್ನಷ್ಟೇ ತಿಂಗಳಿಂದ ತಿಂಗಳಿಗೆ ನೋಡುತ್ತಾ ಹೋಗಿ, ಜ್ವರ ಏರಿದ್ದೂ ಇಳಿದದ್ದೂ ಕಾಣುತ್ತದೆ.

ಹೊತ್ತಿದ್ದರೆ ಕೇಂಬ್ರಿಜ್ ಕಡೆಯ ಮೌಂಟ್ ಆಬರ್ನ್ ಸ್ಮಶಾನಕ್ಕೆ ಹೋಗಬಹುದು. ಫೆಸೆಂಡನ್ ಅಲ್ಲಿದ್ದಾನೆ. ಆ ಸ್ಮಶಾನವನ್ನು 1831ರಲ್ಲಿ ಮಾಡಿದ ಮ್ಯಾಸಚೂಸೆಟ್ಸ್ ತೋಟಗಾರಿಕೆ ಸಂಘಕ್ಕೂ ಅವನ ಪತ್ರಿಕೆಗೂ ಹತ್ತಿರದ ನಂಟು.

ದಿನ 5: ವೂಸ್ಟರ್, ಸ್ಟರ್‌ಬ್ರಿಜ್

ಸೌತ್ ಸ್ಟೇಷನ್ನಿನಿಂದ ವೂಸ್ಟರಿಗೆ ಲೋಕಲ್ ರೈಲು, ಒಂದೂವರೆ ಗಂಟೆ. ಮುದ್ರಕ ಐಸಾಯಾ ಥಾಮಸ್ 1812ರಲ್ಲಿ ಕಟ್ಟಿದ ಅಮೆರಿಕನ್ ಆ್ಯಂಟಿಕ್ವೇರಿಯನ್ ಸೊಸೈಟಿಯಲ್ಲಿ ಬಿಡಿ ಸಂಚಿಕೆಗಳು, ಹೊದಿಕೆ ಸಮೇತ, ಸಿಗುವ ಸಾಧ್ಯತೆ ಬೇರೆಲ್ಲಕ್ಕಿಂತ ಹೆಚ್ಚು. ಓದುಕೋಣೆಯಲ್ಲಿ ಪೆನ್ಸಿಲ್ ಮಾತ್ರ. ಬಂದ ಸಂಚಿಕೆಯ ಅಂಚನ್ನು ಮೊದಲು ನೋಡಿ. ಮಡಿಕೆ ಸೀಳದೆ ಹಾಗೇ ಇದ್ದರೆ ಅದನ್ನು ಯಾರೂ ಓದಿಲ್ಲ.

ಅಲ್ಲಿಂದ ಕಾರಿನಲ್ಲಿ ನೈಋತ್ಯಕ್ಕೆ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್, 1830ರ ಕಾಲದ ಊರನ್ನು ಮರುಕಟ್ಟಿದ ಬಯಲು ಮ್ಯೂಸಿಯಂ. ಮುದ್ರಣಾಲಯದ ಮುಂದೆ ಸಾಕಷ್ಟು ಹೊತ್ತು ನಿಲ್ಲಬೇಕು.

ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತಿತ್ತು. ಚಿಂದಿ ಬಟ್ಟೆಯಿಂದ ಮಾಡಿದ ಕಾಗದ ಗಡುಸು, ಒಣಗಿದ್ದರೆ ಮಸಿ ಹಿಡಿಯುವುದಿಲ್ಲ. ಬಲವಾಗಿ ಒತ್ತಿದರೆ ಸೀಸದ ಅಚ್ಚುಮೊಳೆ ಸವೆಯುತ್ತದೆ. ಅದಕ್ಕೆ ಕೆಲವು ಹಾಳೆಗಳಿಗೊಮ್ಮೆ ನೀರಿನಲ್ಲಿ ಅದ್ದಿ, ಒಣ ಹಾಳೆಗಳ ನಡುವೆ ಪೇರಿಸಿ, ಮೇಲೆ ಹಲಗೆ ಹೇರಿ ಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಒಂದೇ ಸಮನೆ ತೇವ. ನೀರು ಹೆಚ್ಚಾದರೆ ಅಕ್ಷರ ಹರಡುತ್ತದೆ, ಹಾಳೆ ಹರಿಯುತ್ತದೆ. ಬೇಸಿಗೆಯಲ್ಲಿ ಎರಡು ದಿನ ಬಿಟ್ಟರೆ ಬೂಷ್ಟು.

ಇಬ್ಬರು ಆಳು. ಒಬ್ಬ ಮೊಳೆಗೆ ಮಸಿ ಹಚ್ಚುತ್ತಾನೆ. ಮೊದಲೆಲ್ಲ ಉಣ್ಣೆ ತುಂಬಿದ ಚರ್ಮದ ಉಂಡೆಗಳಿಂದ ತಟ್ಟುತ್ತಿದ್ದರು, 1820ರ ದಶಕದಿಂದ ಅಂಟು ಮತ್ತು ಕಾಕಂಬಿ ಕಾಯಿಸಿ ಎರಕ ಹೊಯ್ದ ರೋಲರು ಬಂತು. ಸೆಖೆಗೆ ಅದು ಮೆತ್ತಗಾಗಿ ಇಳಿಯುತ್ತದೆ, ಚಳಿಗೆ ಕಲ್ಲಾಗುತ್ತದೆ. ಇನ್ನೊಬ್ಬ ಹಾಳೆ ಇಟ್ಟು, ಚೌಕಟ್ಟು ಮಡಿಸಿ, ಹಾಸು ಒಳಗೆ ತಳ್ಳಿ, ಹಿಡಿ ಎಳೆಯುತ್ತಾನೆ. ಮರದ ಪ್ರೆಸ್ಸಿನ ಒತ್ತುಹಲಗೆ ಚಿಕ್ಕದು, ಒಂದು ಮೈಗೆ ಎರಡು ಎಳೆತ ಬೇಕು. ಕಬ್ಬಿಣದ ಪ್ರೆಸ್ಸಿಗೆ ಒಂದೇ ಸಾಕು.

ಹೆಚ್ಚೆಂದರೆ ಗಂಟೆಗೆ 240 ಹಾಳೆ, ಅಂದಿನ 480 ಹಾಳೆಯ ರೀಮಿನಲ್ಲಿ ಅರ್ಧ. 1,500 ಪ್ರತಿಯ ವಾರಪತ್ರಿಕೆ ಎಂದರೆ ಒಂದು ಮೈಗೆ ಆರೂಕಾಲು ಗಂಟೆ, ಎರಡಕ್ಕೂ ಹನ್ನೆರಡೂವರೆ. ಆಮೇಲೆ ಒಣಗಿಸಿ, ಮಡಿಸಿ, ವಿಳಾಸ ಕೈಯಲ್ಲೇ ಬರೆಯಬೇಕು. ನೇಗಿಲು, ಹಸುಗಳ ಚಿತ್ರಗಳು ಬಾಕ್ಸ್‌ವುಡ್ ಮರದ ಅಡ್ಡಕೊಯ್ತದ ತುಂಡಿನಲ್ಲಿ ಕೆತ್ತಿದವು. ತುಂಡು ಮೊಳೆಯಷ್ಟೇ ಎತ್ತರ ಇರುವುದರಿಂದ ಅಕ್ಷರದ ಜೊತೆಗೇ ಅಚ್ಚಾಗುತ್ತದೆ. ತಾಮ್ರದ ಫಲಕವಾದರೆ ಬೇರೆ ಪ್ರೆಸ್ಸು, ಬೇರೆ ಹಾಳೆ, ಬೇರೆ ಖರ್ಚು. ಆದರೆ ಮೊಳೆ ತೊಳೆಯುವ ಕ್ಷಾರದ ನೀರು ಮರಕ್ಕೆ ತಾಗಿದರೆ ಉಬ್ಬಿ ಬಿರುಕು ಬಿಡುತ್ತದೆ. ಹಸುವಿನ ಬೆನ್ನಿನ ಮೇಲೆ ನೆಟ್ಟಗೆ ಬಿಳಿ ಗೆರೆ ಕಂಡರೆ ಅದು ಬಿರುಕು. ಮುಂದಿನ ವರ್ಷ ಅದೇ ಚಿತ್ರ ಬೇರೆ ತಳಿಯ ಹೆಸರಿನಲ್ಲಿ ಬಂದರೂ ಗೆರೆ ಹಿಡಿದುಕೊಡುತ್ತದೆ.

ದಿನ 6: ಆಲ್ಬನಿ

ವೂಸ್ಟರಿನಿಂದ ಆ್ಯಮ್ಟ್ರಾಕ್ ರೈಲೂ ಇದೆ, ಕಾರು ಮುಂದುವರಿಸುವುದೇ ಅನುಕೂಲ. ರೈಲಿನಲ್ಲಿ ಬಂದರೆ ಇಳಿಯುವುದು ಹಡ್ಸನ್ನಿನ ಆಚೆ ದಂಡೆಯ ರೆನ್ಸೆಲಿಯರಿನಲ್ಲಿ, ಆಲ್ಬನಿಯಲ್ಲಲ್ಲ.

ಸಾಲಮನ್ ಸೌತ್‌ವಿಕ್‌ನ 'ಪ್ಲೋ ಬಾಯ್' 1819ರಲ್ಲೇ ಇಲ್ಲಿ ಹುಟ್ಟಿ 1823ಕ್ಕೆ ಮುಗಿಯಿತು. ಆಲ್ಬನಿಯ ನಿಜವಾದ ಪತ್ರಿಕೆ ಜೆಸ್ಸೆ ಬ್ಯೂಯೆಲ್‌ನ 'ಕಲ್ಟಿವೇಟರ್', 1834ರ ಮಾರ್ಚ್. ಬ್ಯೂಯೆಲ್ ಮೊಳೆ ಜೋಡಿಸುವ ಹುಡುಗನಾಗಿ ಶುರು ಮಾಡಿ, ರಾಜಕೀಯ ಪತ್ರಿಕೆ ಕಟ್ಟಿ, ಅದನ್ನು ಮಾರಿ, ಊರಿನ ಪಶ್ಚಿಮಕ್ಕೆ 85 ಎಕರೆ ಬೀಳು ಮರಳುಭೂಮಿ ಕೊಂಡ. ಆ ಮರಳು ಎಂಥದೆಂದು ನೋಡಬೇಕಿದ್ದರೆ ನ್ಯೂ ಕಾರ್ನರ್ ರಸ್ತೆಯ ಆಲ್ಬನಿ ಪೈನ್ ಬುಷ್ ಕೇಂದ್ರಕ್ಕೆ ಹೋಗಿ. ಹಿಮಯುಗದ ಸರೋವರ ಬಿಟ್ಟುಹೋದ ದಿಬ್ಬಗಳು, ಪೈನ್, ಕುರುಚಲು ಓಕ್. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಜಾರುತ್ತದೆ. ಇಂಥದರಲ್ಲಿ ಬ್ಯೂಯೆಲ್ ಜವುಗು ತುಂಡುಗಳಿಗೆ ಬಸಿಗಾಲುವೆ ತೋಡಿ, ಗೊಬ್ಬರ ಕೊಟ್ಟು, ಕ್ಲೋವರ್ ಉತ್ತು, ಕಾಳಿನ ನಂತರ ಗೆಡ್ಡೆ ಬೆಳೆದು, ಮಾದರಿ ಹೊಲ ಮಾಡಿದ.

ಪತ್ರಿಕೆಯ ಚಂದಾ ವರ್ಷಕ್ಕೆ 50 ಸೆಂಟು. ರಫಿನ್‌ನ 5 ಡಾಲರಿನ ಪಕ್ಕದಲ್ಲಿಟ್ಟು ನೋಡಿದರೆ ಇದು ಬೇರೆಯೇ ಓದುಗನಿಗೆ ಹಾಕಿದ ಬಲೆ. ವಾರ್ತಾಪತ್ರಿಕೆಯ ಅಂಚೆ ದರವಷ್ಟೇ ಬೀಳುತ್ತದೆ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕುತ್ತಿದ್ದರು: ರಾಜ್ಯದೊಳಗೆ, ಇಲ್ಲವೇ 100 ಮೈಲಿಯೊಳಗೆ 1 ಸೆಂಟು, ಬೇರೆಡೆ ಒಂದೂವರೆ. ಹನ್ನೆರಡು ತಿಂಗಳಿಗೆ ಹೆಚ್ಚೆಂದರೆ 18 ಸೆಂಟು.

ತೊಡಕು ಇದ್ದದ್ದು ಹಣ ಕಳಿಸುವುದರಲ್ಲಿ. 1845ರ ತನಕ ಪತ್ರದ ದರ ಹಾಳೆಯ ಲೆಕ್ಕ, ಒಳಗಿಟ್ಟ ನೋಟೂ ಒಂದು ಹಾಳೆ. 400 ಮೈಲಿಯಾಚೆಯ ರೈತ ಒಂದು ಕಾಗದ, ಒಂದು ನೋಟು ಕಳಿಸಿದರೆ 25ರ ಎರಡರಷ್ಟು, 50 ಸೆಂಟು. ಚಂದಾದಷ್ಟೇ ಅಂಚೆ ಖರ್ಚು! ಅದೂ ಮುಂಗಡ ಕಟ್ಟಬೇಕೆಂಬ ನಿಯಮವಿರಲಿಲ್ಲ, ಪತ್ರ ಪಡೆದವನ ತಲೆಗೇ ಬೀಳುತ್ತಿತ್ತು. ಇದಕ್ಕೆ ಎರಡು ಉಪಾಯ. ಊರಿನ ಹತ್ತು ಜನ ಸೇರಿ ಒಂದೇ 5 ಡಾಲರ್ ನೋಟು ಕಳಿಸುವುದು, ಇಲ್ಲವೇ ಊರಿನ ಪೋಸ್ಟ್‌ಮಾಸ್ಟರನಿಂದಲೇ ಕಾಗದ ಬರೆಸುವುದು. ಬೇರೆಯವರ ಚಂದಾ ಹಣವನ್ನು ಪೋಸ್ಟ್‌ಮಾಸ್ಟರ್ ತಾನೇ ಬರೆದ ಪತ್ರದಲ್ಲಿಟ್ಟು ಪುಕ್ಕಟೆ ಕಳಿಸಬಹುದೆಂಬ ಅವಕಾಶವಿತ್ತು. ಚಂದಾದಾರರ ಪಟ್ಟಿಯಲ್ಲಿ ಒಂದೇ ಹಳ್ಳಿಯ ಹೆಸರುಗಳು ಗುಂಪಾಗಿ ಬಂದರೆ ಹಿಂದೆ ಒಬ್ಬ ಪೋಸ್ಟ್‌ಮಾಸ್ಟರ್ ಇದ್ದಾನೆ ಎಂದೇ ಊಹಿಸಬಹುದು. ಇನ್ನೊಂದು ತಲೆನೋವು ನೋಟಿನದು. ದೂರದ ಬ್ಯಾಂಕಿನ ನೋಟಿಗೆ ಆಲ್ಬನಿಯಲ್ಲಿ ಪೂರ್ತಿ ಬೆಲೆ ಸಿಗದು, ಬ್ಯಾಂಕು ಮುಳುಗಿದ್ದರೆ ಏನೂ ಸಿಗದು.

ಬ್ಯೂಯೆಲ್ 1839ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್‌ಗೆ ಭಾಷಣಕ್ಕೆ ಹೋಗುವಾಗ ದಾರಿಯ ಡ್ಯಾನ್ಬರಿಯಲ್ಲಿ ತೀರಿಕೊಂಡ. ಪತ್ರಿಕೆಯನ್ನು ಕೊಂಡವನು ರೋಚೆಸ್ಟರಿನ ಲೂಥರ್ ಟಕ್ಕರ್.

ದಿನ 7: ಜಿನೀವಾ

ಆಲ್ಬನಿಯಿಂದ ಪಶ್ಚಿಮಕ್ಕೆ ಸೆನೆಕಾ ಸರೋವರದ ತುದಿಯ ಜಿನೀವಾ ಊರು. ಇಲ್ಲಿ ಪತ್ರಿಕೆ ಅಚ್ಚಾಗಲಿಲ್ಲ, ಆದರೆ ಪತ್ರಿಕೆಗಳಿಗೆ ಪತ್ರ ಬರೆದ ರೈತನೊಬ್ಬ ಇದ್ದ. ಸ್ಕಾಟ್ಲೆಂಡಿನಿಂದ ಬಂದ ಜಾನ್ ಜಾನ್‌ಸ್ಟನ್ 1835ರಲ್ಲಿ ಅಲ್ಲಿಂದ ಮಣ್ಣಿನ ಬಸಿಹೆಂಚಿನ, ಅಂದರೆ ಹೊಲದ ಹೆಚ್ಚಿನ ನೀರು ಬಸಿಯಲು ನೆಲದಡಿ ಹೂಳುವ ಹೆಂಚಿನ, ಮಾದರಿ ತರಿಸಿ ಹತ್ತಿರದ ವಾಟರ್ಲೂ ಊರಿನಲ್ಲಿ ಕೈಯಲ್ಲೇ ಮಾಡಿಸಿದ. ಮಡಕೆಯನ್ನು ಹೊಲದಲ್ಲಿ ಹೂಳುತ್ತಿದ್ದಾನೆ ಎಂದು ನೆರೆಯವರು ನಕ್ಕರು. ಕೊನೆಗೆ 320 ಎಕರೆಗೆ 72 ಮೈಲಿ ಹೆಂಚು ಹೂಳಿದ. ಅವನ ಮನೆಯೂ ಪಕ್ಕದ ಬಸಿಹೆಂಚು ಮ್ಯೂಸಿಯಂ ಕೂಡ ಈಗಲೂ ಇವೆ. ಹೋಗುವ ಮುಂಚೆ ತೆರೆದಿರುವ ದಿನ ಕೇಳಿಕೊಳ್ಳಿ.

ಮ್ಯೂಸಿಯಂನಲ್ಲಿ ಹೆಂಚುಗಳ ಆಕಾರ ನೋಡಿ. ಹಳೆಯವು ಕುದುರೆ ಲಾಳದಂತೆ ಕೆಳಗೆ ತೆರೆದವು. ಮೆತ್ತಗಿನ ಜೇಡಿಯಲ್ಲಿ ಇವು ಕಾಲೂರಿದ ಹಾಗೆ ಕುಸಿಯುತ್ತವೆ. ಅದಕ್ಕೇ ಕೆಳಗೆ ಅಡಿಹೆಂಚು ಬೇಕಾಯಿತು, ಆಮೇಲೆ ದುಂಡು ಕೊಳವೆಯೇ ಬಂತು. ಚರಂಡಿ ಎರಡೂವರೆ ಮೂರು ಅಡಿ ಆಳ. ನೀರು ಹೊರಬೀಳುವ ತುದಿಯಿಂದ ಮೇಲಕ್ಕೆ ತೋಡುತ್ತಾ ಬಂದರೆ ಊಟೆ ನೀರು ಕೆಲಸಕ್ಕೆ ಅಡ್ಡ ನಿಲ್ಲದೆ ಹರಿದುಹೋಗುತ್ತದೆ. ಹೆಂಚುಗಳನ್ನು ಮೂತಿಗೆ ಮೂತಿ ತಾಗಿಸಿ ಇಡಬೇಕು, ಅಂಟಿಸಬಾರದು. ನೀರು ಒಳಗೆ ಬರುವುದೇ ಆ ಸಂದಿನಿಂದ. ಸಂದಿನ ಮೇಲೆ ಹುಲ್ಲುಹೆಂಟೆ ಬೋರಲು ಹಾಕಿದರೆ ಸಡಿಲ ಮಣ್ಣು ಒಳಗೆ ಬೀಳದು. ಕೆಡುವುದು ಹೆಚ್ಚಾಗಿ ಇಳಿಜಾರಿನಲ್ಲಿ. ನಡುವೆ ಒಂದು ಹೆಂಚು ಅರ್ಧ ಅಂಗುಲ ತಗ್ಗಿದ್ದರೂ ಅಲ್ಲಿ ಹೂಳು ಕೂರುತ್ತದೆ, ಎರಡು ಮೂರು ವರ್ಷದಲ್ಲಿ ಸಾಲೇ ಕಟ್ಟುತ್ತದೆ. ಗಿಡದ ಬೇರಿನ ಪಕ್ಕದಲ್ಲಿ ಹಾಕಿದರೂ ಅದೇ ಗತಿ.

ದಿನ 8: ರೋಚೆಸ್ಟರ್, ಮಮ್‌ಫೋರ್ಡ್

ಎರೀ ಕಾಲುವೆ 1825ರಲ್ಲಿ ಪೂರ್ತಿಯಾದ ಮೇಲೆ ರೋಚೆಸ್ಟರ್ ಹಿಟ್ಟಿನ ಗಿರಣಿಗಳ ಊರಾಯಿತು. ಹೈ ಫಾಲ್ಸ್ ಜಲಪಾತದ ಎದುರು ನಿಂತರೆ ಗಿರಣಿ ಓಡಿಸಿದ ನೀರು ಕಾಣುತ್ತದೆ. ಟಕ್ಕರ್ ಇಲ್ಲಿ ದಿನಪತ್ರಿಕೆ ನಡೆಸುತ್ತಿದ್ದ, ಪ್ರೆಸ್ಸೂ ಮೊಳೆಯೂ ಆಗಲೇ ಇದ್ದವು. ಅದೇ ಪ್ರೆಸ್ಸಿನಲ್ಲಿ 1831ರ ಜನವರಿಯಿಂದ 'ಜೆನೆಸೀ ಫಾರ್ಮರ್' ವಾರಪತ್ರಿಕೆ ಬಂತು. 1840ರಲ್ಲಿ ಇದನ್ನೂ ಬ್ಯೂಯೆಲ್‌ನ ಪತ್ರಿಕೆಯನ್ನೂ ಕೂಡಿಸಿ ಆಲ್ಬನಿಗೆ ಹೋದ. 1853ರಲ್ಲಿ 'ಕಂಟ್ರಿ ಜಂಟಲ್‌ಮನ್' ಹೊರಟದ್ದು ಅಲ್ಲಿಂದಲೇ.

ಸಂಶೋಧಕರು ಎಡವುವ ಜಾಗ ಇದು. ಟಕ್ಕರ್ ಹೋದ ವರ್ಷವೇ ರೋಚೆಸ್ಟರಿನಲ್ಲಿ ಬೇರೆಯವರು 'ನ್ಯೂ ಜೆನೆಸೀ ಫಾರ್ಮರ್' ಶುರು ಮಾಡಿದರು, ಆಮೇಲೆ 'ನ್ಯೂ' ಬಿಟ್ಟರು. 'ಕಲ್ಟಿವೇಟರ್' 1844ರಲ್ಲಿ 'ಹೊಸ ಸರಣಿ' ಎಂದು ಸಂಪುಟ ಸಂಖ್ಯೆಯನ್ನು ಮತ್ತೆ 1ರಿಂದ ಎಣಿಸಿತು. 'ನ್ಯೂ ಇಂಗ್ಲೆಂಡ್ ಫಾರ್ಮರ್' 1846ರಲ್ಲಿ ನಿಂತ ಮೇಲೆ ಅದೇ ಹೆಸರಿನ ಬೇರೆ ಪತ್ರಿಕೆ ಬಂತು. ಬರೀ ಹೆಸರು, ಸಂಪುಟ ಬರೆದುಕೊಂಡರೆ ಸಾಲದು. ಊರು, ಪ್ರಕಾಶಕ, ತಾರೀಖು ಮೂರನ್ನೂ ಬರೆದುಕೊಳ್ಳಿ.

ಹಿಟ್ಟಿನ ಊರು ಹೂವಿನ ಊರಾದದ್ದಕ್ಕೂ ಪತ್ರಿಕೆಯ ಕೈಯಿದೆ. 1840ರಲ್ಲಿ ಎಲ್‌ವ್ಯಾಂಗರ್ ಮತ್ತು ಬ್ಯಾರಿ ನರ್ಸರಿ ಶುರುವಾಯಿತು. ಪ್ಯಾಟ್ರಿಕ್ ಬ್ಯಾರಿ 'ಜೆನೆಸೀ ಫಾರ್ಮರ್'ನ ತೋಟಗಾರಿಕೆ ಪುಟಗಳನ್ನು ನೋಡಿಕೊಂಡ. ಬಾಸ್ಟನ್ನಿನ ಬೀಜದಂಗಡಿಯ ಜಾಣ್ಮೆಯೇ, ಇಲ್ಲಿ ಹಣ್ಣಿನ ಸಸಿಯ ರೂಪದಲ್ಲಿ. ಅವರು 1888ರಲ್ಲಿ ಕೊಟ್ಟ ಭೂಮಿ ಹೈಲ್ಯಾಂಡ್ ಪಾರ್ಕ್, ಮೇ ತಿಂಗಳಲ್ಲಿ ಲೈಲ್ಯಾಕ್ ಹೂವಿಗೆ ಜನ ಮುಗಿಬೀಳುತ್ತಾರೆ. ನರ್ಸರಿಯ ಕಾಗದಪತ್ರಗಳು ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಮಧ್ಯಾಹ್ನ ಮಮ್‌ಫೋರ್ಡಿನ ಜೆನೆಸೀ ಕಂಟ್ರಿ ವಿಲೇಜ್, ಇದೂ ಬಯಲು ಮ್ಯೂಸಿಯಂ. ಸ್ಟರ್‌ಬ್ರಿಜ್‌ನಲ್ಲಿ ಪ್ರೆಸ್ಸು ನೋಡಿಯಾಗಿದ್ದರೆ ಇಲ್ಲಿಯ ಮುದ್ರಣಾಲಯದಲ್ಲಿ ಹೆಚ್ಚು ಹೊತ್ತು ಬೇಡ. ಹೊಲ, ಕೊಟ್ಟಿಗೆ, ನೇಗಿಲುಗಳ ಕಡೆ ನಡೆಯಿರಿ. ಫೋನಿನಲ್ಲಿ 1830ರ ದಶಕದ ಒಂದು ಸಂಚಿಕೆ ಇಟ್ಟುಕೊಂಡಿದ್ದರೆ ಕೊನೆಯ ಪುಟದ ಜಾಹೀರಾತಿನ ಎರಕದ ನೇಗಿಲನ್ನು ಎದುರಿಗಿರುವ ನೇಗಿಲಿಗೆ ಹೋಲಿಸಿ ನೋಡಬಹುದು: ಮೊನೆ, ಅಡಿಪಟ್ಟಿ, ರೆಕ್ಕೆ ಮೂರೂ ಬೇರೆ ಬೇರೆ ತುಂಡು, ಸವೆದದ್ದನ್ನಷ್ಟೇ ಬದಲಿಸಬಹುದು. ರೋಚೆಸ್ಟರಿಗೆ ಮರಳಲು ಮಮ್‌ಫೋರ್ಡಿನಿಂದ ಬಸ್ಸು ಹುಡುಕಬೇಡಿ, ಕಾರು ಬಿಡದೆ ಇಟ್ಟುಕೊಂಡಿರಿ.